ಬಚ್ಚಲುಮನೆಗೆ ಲೈನ್ ಕ್ಲಿಯರ್

ಎಷ್ಟು ದಿನ ಬಾಳಿಕೆ ಬರುತ್ತೆ ಎಂದು ಕೇಳದೆ ನಾನು ಈ ಜನ್ಮದಲ್ಲಿ ಒಂದು ಚೊಂಬನ್ನೂ ಕೊಂಡವನಲ್ಲ. ಚಪ್ಪಲಿಯಿರಲಿ, ಕೊಡೆಯಿರಲಿ, ಹಾಸಿಕೊಳ್ಳುವ ಚಾಪೆಯಿರಲಿ, ಬೆಲೆ ಕೇಳುವುದಕ್ಕೆ ಮುಂಚೆಯೇ ನನ್ನ ಬಾಯಿಂದ ಈ ಪ್ರಶ್ನೆ ಹೊರಟಿರುತ್ತದೆ. ಅಂಗಡಿಯವನು ನನಗಿಂತ ಜಾಣ. "ನಿಮ್ಮ ಕಾಲಕ್ಕೆ ಚಿಂತೆಯಿಲ್ಲ ಬಿಡಿ ಸ್ವಾಮಿ" ಎಂದುಬಿಡುತ್ತಾನೆ. ನಾನು ಹಿಗ್ಗಿ ಸಾಮಾನು ಹೊತ್ತುಕೊಂಡು ಬರುತ್ತೇನೆ. ಅವನು ಸಾಮಾನಿನ ಆಯಸ್ಸಿನ ಬಗ್ಗೆ ಏನೂ ಹೇಳಲಿಲ್ಲ, ಹೇಳಿದ್ದೆಲ್ಲ ನನ್ನ ಆಯಸ್ಸಿನ ಬಗ್ಗೆ ಎಂದು ಹೊಳೆಯುವ ಹೊತ್ತಿಗೆ ಮನೆ ಬಂದಿರುತ್ತದೆ. ಹೆಣ್ಣು ನೋಡಲು ಅಜ್ಜಂಪುರಕ್ಕೆ ಹೋದಾಗ ಒಮ್ಮೆ ಮಾತ್ರ ನಾನು ಬಾಯಿ ಮುಚ್ಚಿಕೊಂಡಿದ್ದೆ. ಅಂದು ಆ ಪ್ರಶ್ನೆಯನ್ನು ಹೆಣ್ಣಿನ ಕಡೆಯವರೇ ನನ್ನನ್ನು ನೋಡಿ ಒಳಗೊಳಗೆ ಕೇಳಿಕೊಂಡರಂತೆ. ಆಗ ನಾನು ಅಷ್ಟು ಬಡಕಲಾಗಿದ್ದೆ. ಹೆಂಡತಿ ಸರೋಜ ಇದನ್ನು ವರ್ಷಕ್ಕೊಮ್ಮೆಯಾದರೂ ಬಂದವರ ಮುಂದೆ ಹೇಳಿ ನಗುತ್ತಾಳೆ. ಇರಲಿ. ಈಗ ನಾನು ಹೇಳಹೊರಟಿರುವುದು ನಮ್ಮ ಮನೆಯಲ್ಲಿ ನೀರು ಕಾಯಿಸುತ್ತಿದ್ದ ಎರಡು ಸಾಮಾನುಗಳ ಸಂಗತಿ. ನಡುವೆ ನಮ್ಮಪ್ಪ ಬರುತ್ತಾರೆ. ಅವರನ್ನು ಬಿಟ್ಟು ಹೇಳಲು ನೋಡಿದೆ, ಆಗಲಿಲ್ಲ.

ನಮ್ಮದು ಬೀರೂರು. ಅಪ್ಪ ರೈಲ್ವೆಯಲ್ಲಿ ಫೈರ್‌ಮನ್ ಆಗಿದ್ದರು, ಅಂದರೆ ಉಗಿಬಂಡಿಯ ಇಂಜಿನ್ನಿನ ಒಲೆಗೆ ಸಲಿಕೆಯಲ್ಲಿ ಕಲ್ಲಿದ್ದಲು ಹಾಕುವ ಕೆಲಸ. ದಾರಿಯಲ್ಲಿ ಸಿಗ್ನಲ್ ನೋಡಿ ಡ್ರೈವರಿಗೆ ಕೂಗಿ ಹೇಳುವುದೂ ಅವರದೇ. ತಾವೂ ಡ್ರೈವರ್ ಆಗಬೇಕೆಂಬ ಆಸೆ ಇತ್ತು. ರೂಲುಗಳೆಲ್ಲ ಬಾಯಿಪಾಠ, ಆದರೆ ಪರೀಕ್ಷೆಗೆ ಕೂತರೆ ಪೆನ್ನು ಮುಂದಕ್ಕೆ ಹೋಗುತ್ತಿರಲಿಲ್ಲ. ಹಾಗಾಗಿ ಫೈರ್‌ಮನ್ನಾಗಿಯೇ ರಿಟೈರಾದರು. ಅಮ್ಮ ನಾವು ಕ್ವಾರ್ಟರ್ಸಿನಲ್ಲಿದ್ದಾಗಲೇ ತೀರಿಕೊಂಡಿದ್ದಳು. ರಿಟೈರಾದ ಮೇಲೆ ಸ್ಟೇಷನ್ನಿನ ಹಿಂದಿನ ಬೀದಿಯಲ್ಲಿ ನಮ್ಮದೇ ಒಂದು ಹೆಂಚಿನ ಮನೆ ಮಾಡಿಕೊಂಡೆವು. ಅಪ್ಪ ಬೆಳಕು ಹರಿಯುವ ಮುಂಚೆ ಎದ್ದು, ಹಿತ್ತಲಲ್ಲಿ ನಿಂತು, ಲೋಕೋ ಶೆಡ್ಡಿನಿಂದ ಬರುವ ಶಿಳ್ಳೆ ಕೇಳುತ್ತಿದ್ದರು. ಇದು ಯಾವ ಇಂಜಿನ್ನು, ಒಲೆ ಸರಿಯಾಗಿ ಹತ್ತಿದೆಯೋ ಇಲ್ಲವೋ ಎಂದು ಶಿಳ್ಳೆಯಲ್ಲೇ ತಿಳಿಯುತ್ತಿತ್ತಂತೆ. ತಿಳಿದು ಮಾಡುವುದೇನು? ಒಳಗೆ ಬಂದು ಸುಮ್ಮನೆ ಕೂರುತ್ತಿದ್ದರು. ಕೊನೆಗೊಂದು ದಿನ, ಮನೆಗೊಂದು ತಾಮ್ರದ ಬಾಯ್ಲರ್ ಮಾಡಿಸೋಣ ಎಂದರು. ಅಜ್ಜಂಪುರದಲ್ಲಿ ನನ್ನ ಮಾವನವರಿಗೆ ಗೊತ್ತಿದ್ದ ಕಂಚುಗಾರನೊಬ್ಬನಿದ್ದ. ಅಪ್ಪ ದಿನಾ ರೈಲು ಹತ್ತಿ ಹೋಗಿ ಅವನ ಎದುರು ಕೂತು, ಇಲ್ಲಿ ತಗಡು ದಪ್ಪ ಇರಲಿ, ಅಲ್ಲಿ ಬೆಸುಗೆ ಗಟ್ಟಿ ಇರಲಿ ಎಂದು ಅವನ ಪ್ರಾಣ ಹಿಂಡಿದರು. ಬಾಳಿಕೆ ಎಷ್ಟು ಎಂದು ಕೇಳಲು ನಾನೂ ಒಮ್ಮೆ ಹೋಗಿದ್ದೆ. ಕಂಚುಗಾರ ಸುತ್ತಿಗೆ ಕೆಳಗಿಟ್ಟು ಅಪ್ಪನ ಮುಖ ನೋಡಿ, "ನಿಮ್ಮ ಕಾಲಕ್ಕೆ ಚಿಂತೆಯಿಲ್ಲ ಯಜಮಾನ್ರೇ" ಎಂದ.

ಬಾಯ್ಲರ್ ಬಂತು. ನಡುವೆ ಹೊಗೆ ಹೋಗುವ ಕೊಳವೆ, ಕೆಳಗೆ ಬೂದಿ ಬೀಳುವ ತಟ್ಟೆ, ಪಕ್ಕದಲ್ಲಿ ಹಿತ್ತಾಳೆ ನಲ್ಲಿ. ಸಿಂಗಟಗೆರೆಯ ಕಡೆಯಿಂದ ಗಾಡಿಯಲ್ಲಿ ತೆಂಗಿನ ಕರಟ, ಸಿಪ್ಪೆ, ಮಟ್ಟೆ ಬಂದು ಬಿದ್ದವು. ಅಂದಿನಿಂದ ಅಪ್ಪ ಮತ್ತೆ ಡ್ಯೂಟಿಗೆ ಹಾಜರಾದರು. ಅದು ತುರ್ತು ಪರಿಸ್ಥಿತಿಯ ಕಾಲ. ದೇಶದ ರೈಲುಗಳೆಲ್ಲ ಹೊತ್ತಿಗೆ ಸರಿಯಾಗಿ ಓಡುತ್ತಿವೆ ಎಂದು ರೇಡಿಯೋದಲ್ಲಿ ಹೇಳುತ್ತಿದ್ದರು. ಆಮೇಲೆ ತುರ್ತು ಪರಿಸ್ಥಿತಿಯನ್ನು ದೇಶದಲ್ಲಿ ತೆಗೆದುಹಾಕಿದರು, ನಮ್ಮ ಬಚ್ಚಲಲ್ಲಿ ತೆಗೆಯಲೇ ಇಲ್ಲ. ನಾನು ದಿನಾ ಶಿವಮೊಗ್ಗದ ಪ್ಯಾಸೆಂಜರ್ ಹಿಡಿದು ತರೀಕೆರೆಯ ತಾಲ್ಲೂಕು ಕಚೇರಿಗೆ ಹೋಗುವ ಗುಮಾಸ್ತ. ಹಾಗಾಗಿ ಅಪ್ಪನ ಲೆಕ್ಕದಲ್ಲಿ ಸ್ನಾನಕ್ಕೂ ನಾನು ಪ್ಯಾಸೆಂಜರ್, ಮೊದಲ ಗಾಡಿ. ಇಬ್ಬರು ಹೆಣ್ಣುಮಕ್ಕಳು ಜೋಡಿ ಇಂಜಿನ್. ಸರೋಜ ಗೂಡ್ಸ್, ಏಕೆಂದರೆ ಸ್ನಾನಕ್ಕೆಂದು ಹೊರಟವಳು ಒಲೆಯ ಹತ್ತಿರ ಒಮ್ಮೆ, ಹೂವಿನ ಗಿಡದ ಹತ್ತಿರ ಒಮ್ಮೆ, ಪಕ್ಕದ ಮನೆಯವರ ಬೇಲಿಯ ಹತ್ತಿರ ಒಮ್ಮೆ ನಿಂತು ನಿಂತು ಬರುತ್ತಿದ್ದಳು. ಗೂಡ್ಸ್ ಅನ್ನಿಸಿಕೊಂಡದ್ದಕ್ಕೆ ಅವಳಿಗೆ ಸಿಟ್ಟೇನೋ ಇತ್ತು, ಆದರೆ ಮಾವನ ಮುಂದೆ ತೋರಿಸುವಂತಿಲ್ಲ, ನನ್ನ ಮುಂದೆ ತೋರಿಸುತ್ತಿದ್ದಳು. ಒಬ್ಬರು ಹೊರಗೆ ಬಂದು ಅಪ್ಪ "ಲೈನ್ ಕ್ಲಿಯರ್" ಎಂದು ಕೂಗುವವರೆಗೆ ಇನ್ನೊಬ್ಬರು ಟವೆಲು ಹೆಗಲಿಗೆ ಹಾಕಿಕೊಂಡು ನಡುಮನೆಯಲ್ಲಿ ನಿಂತಿರಬೇಕು. ತಿಂಗಳಿಗೊಮ್ಮೆ ವಾಶ್‌ಔಟ್. ನೀರೆಲ್ಲ ಬಸಿದು, ಒಳಗೆ ಕಟ್ಟಿದ ಸುಣ್ಣದ ಪರೆಯನ್ನು ಹುಣಿಸೆಹಣ್ಣು ಹಾಕಿ ಉಜ್ಜಿ ತೆಗೆಯುವುದು. ನಮ್ಮ ಕಡೆಯ ಬಾವಿನೀರು ಅಂಥದ್ದು, ಬೇಳೆಯನ್ನು ಬೇಯಲು ಬಿಡದ ನೀರು. ವಾಶ್‌ಔಟ್ ದಿನ ಮನೆಮಂದಿಗೆಲ್ಲ ತಣ್ಣೀರು. ದೀಪಾವಳಿಯ ನೀರು ತುಂಬುವ ಹಬ್ಬದಲ್ಲಿ ಮಾತ್ರ ಬಾಯ್ಲರನ್ನು ಸರೋಜಳಿಗೆ ಬಿಟ್ಟುಕೊಡುತ್ತಿದ್ದರು. ಅವಳು ಅದಕ್ಕೆ ಸುಣ್ಣ ಕೆಮ್ಮಣ್ಣಿನ ಪಟ್ಟೆ ಬಳಿದು, ಕುತ್ತಿಗೆಗೆ ಹಿಂಡ್ಲೆ ಬಳ್ಳಿ ಸುತ್ತಿ ಪೂಜೆ ಮಾಡುವಾಗ ಅಪ್ಪ ಪಕ್ಕದಲ್ಲಿ ಕೈಮುಗಿದು ನಿಂತಿರುತ್ತಿದ್ದರು. ಆ ದಿನಗಳಲ್ಲಿ ನಾನು ಇದನ್ನೆಲ್ಲ ಬಾಯಿ ತುಂಬ ಬಯ್ದುಕೊಳ್ಳುತ್ತಿದ್ದೆ.

ಕೆಲವು ವರ್ಷ ಕಳೆದ ಮೇಲೆ ಬಾಯ್ಲರ್ ತಳದಲ್ಲಿ ತೊಟ್ಟಿಕ್ಕತೊಡಗಿತು. ಬೆಸುಗೆ ಹಾಕಿಸಿದರೆ ಆ ಕಡೆ ನಿಂತು ಈ ಕಡೆ ಸೋರುವುದು. ಬೆಲ್ಲ ಸುಣ್ಣ ಕಲಸಿ ಮೆತ್ತಿ ಎಂದರು ಒಬ್ಬರು, ಸೋಪು ತುರುಕಿ ಎಂದರು ಇನ್ನೊಬ್ಬರು. ಸರೋಜಳ ತವರಿನಲ್ಲಿ ಟ್ರ್ಯಾಕ್ಟರಿನ ರೇಡಿಯೇಟರ್ ಸೋರಿದರೆ ಒಂದು ಹಿಡಿ ರಾಗಿ ಹಿಟ್ಟು ಹಾಕುತ್ತಿದ್ದರಂತೆ, ಹಿಟ್ಟು ಬೆಂದು ತೂತಿನಲ್ಲಿ ಕೂರುತ್ತದಂತೆ. ಟ್ರ್ಯಾಕ್ಟರಿಗೆ ಒಂದು ಹಿಡಿಯಾದರೆ ಇಷ್ಟು ದೊಡ್ಡ ಬಾಯ್ಲರಿಗೆ ಒಂದು ಸೇರಾದರೂ ಬೇಡವೇ ಎಂದು ಅವಳು ಲೆಕ್ಕ ಹಾಕಿ, ಯಾರಿಗೂ ಹೇಳದೆ ಹಾಕಿಬಿಟ್ಟಳು. ಮರುದಿನ ಮೊದಲ ಗಾಡಿ ನಾನು. ತಲೆಗೆ ಸೀಗೆಪುಡಿ ತಿಕ್ಕಿಕೊಂಡು ಕಣ್ಣು ಮುಚ್ಚಿ ಚೊಂಬು ಎತ್ತಿ ಹುಯ್ದುಕೊಂಡೆ. ಬಿದ್ದದ್ದು ನೀರಲ್ಲ, ಹದವಾಗಿ ಕುದಿದ ರಾಗಿ ಅಂಬಲಿ. ಉಪ್ಪು, ಮಜ್ಜಿಗೆ ಇದ್ದಿದ್ದರೆ ಕುಡಿದೇ ಹೋಗಬಹುದಿತ್ತು. ಎಷ್ಟು ತೊಳೆದರೂ ಕೂದಲು ಗಂಜಿ ಹಾಕಿದ ಪಂಚೆಯಂತೆ ಸೆಟೆದುಕೊಂಡಿತ್ತು, ಅಂದು ಸಂಜೆಯವರೆಗೆ ಕಚೇರಿಯಲ್ಲಿ ಪಕ್ಕದ ಗುಮಾಸ್ತ ಮೂಗು ಅರಳಿಸುತ್ತ, ಮುದ್ದೆಯ ವಾಸನೆ ಎಲ್ಲಿಂದ ಬರುತ್ತಿದೆ ಎಂದು ಕಿಟಕಿಯ ಹೊರಗೆಲ್ಲ ಹುಡುಕಿದ. ಅಪ್ಪ ಆ ದಿನವೆಲ್ಲ ಕೂತು ವಾಶ್‌ಔಟ್ ಮಾಡಿದರು. ಸೊಸೆಯನ್ನು ಬಯ್ಯುತ್ತಾರೆಂದು ನಾನು ಕಾದಿದ್ದೆ. "ಇಂಜಿನ್‌ಗೆ ಊಟ ಹಾಕ್ದೋಳು ನೀನೊಬ್ಳೇ ಕಣಮ್ಮ" ಎಂದರು, ಅಷ್ಟೆ. ಸೋರುವುದು ಮಾತ್ರ ನಿಜವಾಗಿಯೂ ಒಂದು ತಿಂಗಳು ನಿಂತಿತ್ತು.

ಬಾಯ್ಲರ್ ಸೋರುತ್ತಿದ್ದ ಆ ಕಾಲಕ್ಕೇ ಅಪ್ಪನ ಕೆಮ್ಮೂ ಶುರುವಾಯಿತು. ಕಷಾಯ ಆಯಿತು, ಮೆಣಸು ಜೇನು ಆಯಿತು, ಕೊನೆಗೆ ಕಡೂರಿಗೆ ಕರೆದುಕೊಂಡು ಹೋದೆ. ಡಾಕ್ಟರು ಎಕ್ಸ್‌ರೇಯನ್ನು ಕಿಟಕಿಗೆ ಹಿಡಿದು ನೋಡಿ, ಬೀಡಿ ಎಷ್ಟು ಸೇದುತ್ತೀರಿ ಎಂದು ಕೇಳಿದರು. "ನಾನು ಸೇದಲ್ಲ ಸ್ವಾಮಿ. ಇಂಜಿನ್ ಸೇದ್ತಿತ್ತು, ನಾನು ಪಕ್ದಲ್ಲಿ ಕೂತಿರ್ತಿದ್ದೆ" ಎಂದರು ಅಪ್ಪ. ಡಾಕ್ಟರು ನಗಲಿಲ್ಲ. ನನ್ನನ್ನು ಪಕ್ಕಕ್ಕೆ ಕರೆದು, ಇವರನ್ನು ಒಲೆಯ ಹತ್ತಿರ, ಹೊಗೆಯ ಹತ್ತಿರ ಬಿಡಲೇಬೇಡಿ ಎಂದರು. ನನ್ನ ಹಾಳು ಅಭ್ಯಾಸ, ಎಷ್ಟು ದಿನ ಎಂದು ಬಾಯಿ ತೆರೆದವನು ಅರ್ಧಕ್ಕೇ ನಿಲ್ಲಿಸಿಬಿಟ್ಟೆ. ಬೆಂಕಿಯಿಂದ ದೂರ ಇಟ್ಟರೆ ಇರುತ್ತಾರೆ, ಇಡದಿದ್ದರೆ ಕಷ್ಟ ಎಂದರು ಅವರು. ಕಡೂರಿನಿಂದ ಬರುವಾಗ ಬಸ್ಸಿನಲ್ಲಿ ಅಪ್ಪ ಕಿಟಕಿ ಪಕ್ಕ ಕೂತು ರೈಲು ದಾರಿಯನ್ನೇ ನೋಡುತ್ತಿದ್ದರು. ಬೆಂಕಿ ಬಿಡಿಸದಿದ್ದರೆ ಅಪ್ಪ ಉಳಿಯುವುದಿಲ್ಲ. ಬಿಡಿಸಿದರೆ ಬೆಳಿಗ್ಗೆ ಎದ್ದು ಅವರು ಮಾಡುವುದಾದರೂ ಏನು?

ಸರೋಜ ಎರಡು ಮಾತಿಲ್ಲದೆ, ಗೀಸರ್ ತನ್ನಿ ಎಂದಳು. ಶಿವಮೊಗ್ಗದಿಂದ ತಂದೆ. ಅಂಗಡಿಯವನು, ಗೊತ್ತೇ ಇದೆಯಲ್ಲ, ನಿಮ್ಮ ಕಾಲಕ್ಕೆ ಚಿಂತೆಯಿಲ್ಲ ಎಂದಿದ್ದ. ಬಚ್ಚಲ ಮೇಲಿನ ಅಟ್ಟಣೆಗೆ ತೊಟ್ಟಿ ಏರಿಸಿ, ನಲ್ಲಿ ಎಳೆಸಿ, ಬಿಳಿಯ ಡಬ್ಬಿಯನ್ನು ಗೋಡೆಗೆ ತೂಗುಹಾಕಿದ್ದಾಯಿತು. ಸ್ವಿಚ್ಚು ಬಾಗಿಲ ಹೊರಗೆ, ಅದರ ಪಕ್ಕದಲ್ಲಿ ಸಣ್ಣ ಕೆಂಪು ದೀಪ. ಬಾಯ್ಲರನ್ನು ಇಬ್ಬರು ಆಳುಗಳು ಎತ್ತಿ ಹಿತ್ತಲ ಸೀಬೆಗಿಡದ ಕೆಳಗಿಟ್ಟರು. ಅಪ್ಪ ಬೇಡ ಎನ್ನಲಿಲ್ಲ. ಮಕ್ಕಳ ಹತ್ತಿರ ಒಂದು ಸೀಮೆಸುಣ್ಣ ಇಸಿದುಕೊಂಡು ಹೋಗಿ ಬಾಯ್ಲರಿನ ಹೊಟ್ಟೆಯ ಮೇಲೆ ದೊಡ್ಡದಾಗಿ ಕತ್ತರಿ ಗುರುತು ಹಾಕಿದರು. ಇನ್ನು ಓಡಿಸುವುದಿಲ್ಲ ಎಂದು ತೀರ್ಮಾನವಾದ ಇಂಜಿನ್ನಿಗೆ ಶೆಡ್ಡಿನಲ್ಲಿ ಹಾಗೆ ಗುರುತು ಹಾಕುತ್ತಿದ್ದರಂತೆ. ಶೆಡ್ಡಿಗೂ ಆಗ ಡೀಸೆಲ್ ಇಂಜಿನ್ನುಗಳ ಮಾತು ಬಂದಿತ್ತು. ಮರುದಿನದಿಂದ ಅಪ್ಪ ಎಂದಿನಂತೆ ಎದ್ದು, ಬಚ್ಚಲ ಬಾಗಿಲ ಪಕ್ಕ ಮಣೆ ಹಾಕಿಕೊಂಡು, ಮೊಣಕಾಲ ಮೇಲೆ ಎರಡು ಕೈ ಇಟ್ಟು ಕೂರುತ್ತಿದ್ದರು. ನಾವು ಯಾರು ಯಾವಾಗ ಬೇಕಾದರೂ ಒಳಗೆ ಹೋಗಿ ಬರುತ್ತಿದ್ದೆವು. ಯಾರೂ ಲೈನ್ ಕ್ಲಿಯರ್ ಎನ್ನುತ್ತಿರಲಿಲ್ಲ. ಕೆಮ್ಮು ಕಡಿಮೆಯಾಯಿತು, ಊಟವೂ ಕಡಿಮೆಯಾಯಿತು. ಒಂದು ದಿನ ಸರೋಜ ಅಡುಗೆಮನೆಯಲ್ಲಿ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತ, ಮಾವನ್ನ ಹೀಗೆ ನೋಡೋಕಾಗಲ್ಲ, ಆ ಡಬ್ಬಿ ಕಿತ್ತುಹಾಕಿಬಿಡಿ ಎಂದಳು. ಗೀಸರ್ ತರಿಸಿದವಳೂ ಅವಳೇ, ಕೀಳಿ ಎನ್ನುವವಳೂ ಅವಳೇ. ನಾನು ಊಟಕ್ಕೆ ಕೂತೆ.

ಹೀಗೇ ಒಂದು ಬೆಳಿಗ್ಗೆ ನಾನು ಟವೆಲು ಹಾಕಿಕೊಂಡು ಬಚ್ಚಲಿಗೆ ನುಗ್ಗುವಾಗ ಮಣೆಯ ಮೇಲಿಂದ ಅಪ್ಪನ ಕೈ ಅಡ್ಡ ಬಂತು.

"ಎಲ್ಲೋ ಹೊಂಟೆ? ಕೆಂಪು ಉರೀತಾ ಐತೆ, ಕಾಣಲ್ವಾ?"

ಅದು ನೀರು ಕಾಯುತ್ತಿದೆ ಎಂದು ತೋರಿಸುವ ದೀಪ ಎಂದು ನಾನು ವಿವರಿಸಿದೆ. ಕೆಂಪು ಅಂದ್ರೆ ಕೆಂಪು ಎಂದರು. ಸರಿ, ನಿಂತೆ. ಸ್ವಲ್ಪ ಹೊತ್ತಿಗೆ ನೀರು ಕಾದು ದೀಪ ಆರಿತು. ಕಾಲು ಎತ್ತಿದೆ. ಮತ್ತೆ ಕೈ ಅಡ್ಡ.

"ಆರಿದ್ ದೀಪ ಕಂಡ್ರೆ ಅದನ್ನೂ ಕೆಂಪು ಅಂತ್ಲೇ ತಿಳ್ಕೋಬೇಕು ಕಣೋ. ರೂಲು."

ಉರಿದರೂ ಹೋಗುವಂತಿಲ್ಲ, ಆರಿದರೂ ಹೋಗುವಂತಿಲ್ಲ, ಹಾಗಾದರೆ ನಾನು ಸ್ನಾನ ಮಾಡುವುದು ಯಾವ ಜನ್ಮದಲ್ಲಿ ಎಂದು ಕೇಳಿದೆ. ಹಸಿರು ಬರಬೇಕು ಎಂದರು. ಇದರಲ್ಲಿ ಹಸಿರೇ ಇಲ್ಲವಲ್ಲ ಅಪ್ಪ ಎಂದೆ. ಅಪ್ಪ ಆ ಡಬ್ಬಿಯನ್ನೇ ನೋಡುತ್ತ, ಹಂಗಾದ್ರೆ ಯಾರಾದ್ರೂ ಕೈಯಲ್ಲಿ ತೋರಿಸ್ಬೇಕು ಎಂದರು. ನನಗೆ ಜೋರಾಗಿ ನಗು ಬಂತು. ಅಂದು ಪ್ಯಾಸೆಂಜರ್ ತಪ್ಪಿತು, ಬಸ್ಸಿನಲ್ಲಿ ತಡವಾಗಿ ಹೋಗಿ ಅಮಲ್ದಾರರಿಂದ ಚೆನ್ನಾಗಿ ಬೈಸಿಕೊಂಡೆ. ಆದರೂ ಮನಸ್ಸಿಗೆ ಹಿತವಾಗಿತ್ತು. ತಿಂಗಳುಗಟ್ಟಲೆಯ ಮೇಲೆ ಅಪ್ಪ ನನ್ನ ಹತ್ತಿರ ಅಷ್ಟು ಮಾತಾಡಿದ್ದರು.

ಸಂಜೆ ಬರುವ ಹೊತ್ತಿಗೆ ಸರೋಜ ಹಸಿರು ಬಾವುಟ ಹೊಲಿದಿಟ್ಟಿದ್ದಳು. ಅರಿಶಿನ ಕುಂಕುಮಕ್ಕೆ ಹೋದಾಗ ಯಾರೋ ಕೊಟ್ಟಿದ್ದ ಕುಪ್ಪಸದ ಬಟ್ಟೆ, ನನ್ನ ಮುರಿದ ಕೊಡೆಯ ಕೋಲು. ಬಹಳ ದಿನ ಬಾಳಿಕೆ ಬರುತ್ತದೆಂದು ಕೊಂಡಿದ್ದ ಕೊಡೆ ಅದು. ಅಪ್ಪ ಬಾವುಟವನ್ನು ಬಿಚ್ಚಿ, ಸುತ್ತಿ, ಮತ್ತೆ ಬಿಚ್ಚಿ ನೋಡಿ, ಸೊಸೆಯ ತಲೆಯ ಮೇಲೆ ಕೈ ಇಟ್ಟರು. ಅಂದಿನಿಂದ ಮನೆ ಮತ್ತೆ ದಾರಿಗೆ ಬಂತು. ಸ್ವಿಚ್ಚು ಹಾಕುವವರು ಅಪ್ಪ, ದೀಪ ಆರಿದ ಮೇಲೆ ನಲ್ಲಿ ಬಿಟ್ಟು ಹಿಂಗೈಯಲ್ಲಿ ನೀರು ಮುಟ್ಟಿ ನೋಡುವವರು ಅಪ್ಪ, ಆಮೇಲೆ ಬಾಗಿಲಲ್ಲಿ ನೆಟ್ಟಗೆ ನಿಂತು ತೋಳು ಚಾಚಿ ಹಸಿರು ತೋರಿಸುವವರೂ ಅಪ್ಪ. ಕರೆಂಟು ಹೋದರೆ ಅವರಿಗೆ ಮೊದಲು ಗೊತ್ತಾಗುತ್ತಿತ್ತು, ಬಾವುಟ ಏಳುತ್ತಿರಲಿಲ್ಲ. ನೀರು ಒಂದು ದಿನವೂ ಉಗುರುಬೆಚ್ಚಗೆ ಬಂದದ್ದಿಲ್ಲ. ಸರೋಜಳ ಅಣ್ಣ ಬಂದಿದ್ದಾಗ ಇದೇನು ಹುಚ್ಚು ಎಂದು ನಕ್ಕುಬಿಟ್ಟ. ಆ ದಿನ ಸರೋಜ ಮಾವನ ಕಿವಿಯಲ್ಲಿ ಏನೋ ಹೇಳಿದಳು, ಪಾಪ, ಎಲ್ಲರ ಸ್ನಾನವಾಗಿ ತಿಂಡಿ ಮುಗಿಯುವವರೆಗೆ ಅವನು ಟವೆಲು ಸುತ್ತಿಕೊಂಡು ಔಟರ್ ಸಿಗ್ನಲ್ಲಿನಲ್ಲಿ ನಿಂತಿದ್ದ.

ಹೀಗೆ ಕೆಲವು ವರ್ಷ ಸಿಕ್ಕವು. ಅವು ಡಾಕ್ಟರು ಕೊಟ್ಟದ್ದೋ, ಗೀಸರ್ ಕೊಟ್ಟದ್ದೋ, ಆ ಕುಪ್ಪಸದ ಬಟ್ಟೆ ಕೊಟ್ಟದ್ದೋ ನನಗೆ ತಿಳಿಯದು. ಒಂದು ಮಾಗಿಯಲ್ಲಿ ಚಳಿ ಹೆಚ್ಚಾಗಿ ಅಪ್ಪ ಹಾಸಿಗೆ ಹಿಡಿದರು. ಮಂಚವನ್ನು ಬಚ್ಚಲ ಬಾಗಿಲು ಕಾಣುವ ಹಾಗೆ ನಡುಮನೆಗೆ ಎಳೆದುಹಾಕಿದೆವು. ಸ್ವಿಚ್ಚು ಹಾಕುವುದು ದೊಡ್ಡ ಮಗಳ ಪಾಲಿಗೆ ಬಂತು, ಬಾವುಟ ಮಾತ್ರ ಅವರ ಕೈಯಲ್ಲೇ. ಮೊದಮೊದಲು ತೋಳೆತ್ತಿ ತೋರಿಸುತ್ತಿದ್ದರು. ಬರಬರುತ್ತ ಬಾವುಟ ಕಂಬಳಿಯಿಂದ ಒಂದು ಗೇಣು ಎದ್ದರೆ ಹೆಚ್ಚು. ನಾವು ಅದಕ್ಕಾಗಿ ಕಾದು ನಿಲ್ಲುತ್ತಿದ್ದೆವು, ಸ್ಕೂಲಿಗೆ ಹೊತ್ತಾದರೂ ಮಕ್ಕಳು ಗೊಣಗುತ್ತಿರಲಿಲ್ಲ. ಒಂದು ಬೆಳಿಗ್ಗೆ ದೀಪ ಉರಿಯಿತು, ನೀರು ಕಾಯಿತು, ದೀಪ ಆರಿತು. ನಾನು ಟವೆಲು ಹಾಕಿಕೊಂಡು ನಿಂತೇ ಇದ್ದೆ. ಬಾವುಟ ಏಳಲಿಲ್ಲ. ಹತ್ತಿರ ಹೋಗಿ ಕೈ ಮುಟ್ಟಿ ನೋಡಿದೆ. ಅಪ್ಪ ಹೋಗಿಬಿಟ್ಟಿದ್ದರು.

ಕೊನೆಯ ಸ್ನಾನದ ನೀರನ್ನು ಮನೆಯ ಒಳಗೆ ಕಾಯಿಸುವ ಹಾಗಿಲ್ಲ, ಹೊರಗೆ ಒಲೆ ಹೂಡಿ ಕಾಯಿಸಬೇಕು. ಬೀದಿಯ ಹಿರಿಯರು ಮೂರು ಕಲ್ಲು ಹುಡುಕುತ್ತಿದ್ದರು. ಅಷ್ಟರಲ್ಲಿ ಹಿತ್ತಲ ಕಡೆಯಿಂದ ಹೊಗೆ ಬಂತು. ನೋಡಿದರೆ ಸರೋಜ ಸೀಬೆಗಿಡದ ಕೆಳಗೆ ಬಾಯ್ಲರಿಗೆ ನೀರು ಹುಯ್ದು, ಕರಟ ತುಂಬಿ, ಬೆಂಕಿ ಹಚ್ಚಿ ಊದುತ್ತ ಕೂತಿದ್ದಾಳೆ. ತಳ ಸೋರಿ ನೀರು ಕೆಂಡದ ಮೇಲೆ ತೊಟ್ಟಿಕ್ಕುತ್ತಿದೆ. ಗಾಳಿ ಮನೆಯ ಕಡೆಗೇ ಬೀಸುತ್ತಿತ್ತು, ಹೊಗೆಯೆಲ್ಲ ಅಪ್ಪನನ್ನು ಮಲಗಿಸಿದ್ದ ನಡುಮನೆಗೆ ನುಗ್ಗುತ್ತಿತ್ತು. ನಾನು ಓಡಿಹೋಗಿ, "ಏನೇ ಇದು, ಹೊಗೆ ಒಳಗೆ ಹೋಗ್ತಾ ಇದೆ, ಅಪ್ಪಂಗೆ..." ಎಂದೆ.

ಅವಳು ಊದುಗೊಳವೆ ಕೆಳಗಿಟ್ಟು ನನ್ನ ಮುಖ ನೋಡಿದಳು.

"ಇನ್ನು ಹೊಗೆ ಮಾವಂಗೆ ಏನೂ ಮಾಡಲ್ಲ ಕಣ್ರೀ."

ಆಗಲೇ ನಾನು ಅತ್ತದ್ದು. ಅಲ್ಲಿಯವರೆಗೆ ಅದು ಇದು ಏರ್ಪಾಡಿನಲ್ಲಿ ಓಡಾಡುತ್ತಿದ್ದೆ. ಇಬ್ಬರೂ ಬಾಯ್ಲರಿನ ಪಕ್ಕ ಕೂತು ಅತ್ತೆವು, ಯಾರೋ ಬಂದು ಕರಟ ಹಾಕಿದರು. ಸೋರುತ್ತ ಸೋರುತ್ತಲೇ ಅದು ನೀರನ್ನು ಕುದಿಯುವಷ್ಟು ಕಾಯಿಸಿ ಕೊಟ್ಟಿತು. ಅಜ್ಜಂಪುರದ ಕಂಚುಗಾರ ಅಪ್ಪನ ಮುಖ ನೋಡಿ ಆಡಿದ್ದ ಮಾತು ಅಕ್ಷರಶಃ ನಿಜವಾಯಿತು. ಅಂಥ ನೀರು ಕಾಯಿಸಿದ ಪಾತ್ರೆ ಮತ್ತೆ ಮನೆಯೊಳಗೆ ಬರುವುದಿಲ್ಲ, ಹಾಗಾಗಿ ಅದು ಅಲ್ಲೇ ಇದೆ. ಹಳೆ ತಾಮ್ರ ಕೊಳ್ಳುವವನು ಬೇಲಿಯಾಚೆಯಿಂದ ಅದನ್ನು ನೋಡಿ ಆಗಾಗ ಬಾಗಿಲು ಬಡಿಯುತ್ತಾನೆ. ಸರೋಜ ಅವನಿಗೆ ಹೇಳುವ ಮಾತುಗಳನ್ನು ಇಲ್ಲಿ ಬರೆಯುವಂತಿಲ್ಲ.

ಗೀಸರ್ ಮಾರನೆಯ ವರ್ಷವೇ ಕೈಕೊಟ್ಟಿತು. ಕಡೂರಿನಿಂದ ಬಂದ ರಿಪೇರಿಯವನು ಒಳಗಿನ ಕಾಯಿಲನ್ನು ಹೊರಗೆಳೆದರೆ ಅದರ ಮೇಲೆ ಹೆಬ್ಬೆರಳು ದಪ್ಪ ಸುಣ್ಣ. ಈ ನೀರಿಗೆ ವರ್ಷಕ್ಕೊಮ್ಮೆ ಬಿಚ್ಚಿ ತೊಳೆಸಬೇಕಿತ್ತು, ಈಗ ನೀರು ನಿಲ್ಲುವ ಡ್ರಮ್ಮೇ ತೂತು ಬಿದ್ದಿದೆ, ಕಾಯಿಲು ಸುಟ್ಟರೆ ಬೇರೆ ಹಾಕಬಹುದು, ಡ್ರಮ್ಮು ಸೋರಿದ ಮೇಲೆ ಹೊಸದೇ ತರಬೇಕು ಎಂದ. ತಂದೆ. ಅಂಗಡಿಯವನು ನನ್ನ ಪ್ರಶ್ನೆಗಾಗಿ ಕಾದ, ನಾನು ಕೇಳಲಿಲ್ಲ. ಹೊಸದಕ್ಕೂ ಸ್ವಿಚ್ಚಿನ ಪಕ್ಕ ಒಂದು ಕೆಂಪು ದೀಪ. ಮೊದಲ ದಿನ ಬೆಳಿಗ್ಗೆ ನಾನೇ ಸ್ವಿಚ್ಚು ಹಾಕಿ, ಟವೆಲು ಹೆಗಲಿಗೆ ಹಾಕಿಕೊಂಡು ನಿಂತೆ. ದೀಪ ಉರಿಯಿತು. ಸ್ವಲ್ಪ ಹೊತ್ತಿನಲ್ಲೇ ಆರಿತು. ಹೊಸದಲ್ಲವೇ, ಬೇಗ ಕಾದಿದೆ ಎಂದುಕೊಂಡೆ. ಆದರೂ ಕಾಲು ಏಳಲಿಲ್ಲ, ನಿಂತೇ ಇದ್ದೆ. ಅಪ್ಪ ಹೋದ ದಿನ ಮೊಳೆಗೆ ತೂಗುಹಾಕಿದ್ದ ಬಾವುಟವನ್ನು ಆಮೇಲೆ ಯಾರೂ ಮುಟ್ಟಿರಲಿಲ್ಲ. ಸರೋಜ ಅಡುಗೆಮನೆಯಿಂದ ಬಂದು ನನ್ನನ್ನು ನೋಡಿದಳು, ದೀಪವನ್ನು ನೋಡಿದಳು. ಬಾವುಟ ತೆಗೆದು, ಧೂಳು ಕೊಡವಿ, ಅಪ್ಪನ ಹಾಗೆಯೇ ನೆಟ್ಟಗೆ ನಿಂತು ತೋಳು ಚಾಚಿದಳು.

"ಹೋಗ್ರೀ, ಲೈನ್ ಕ್ಲಿಯರ್. ಗಾಡಿಗೆ ಹೊತ್ತಾಯ್ತದೆ."

ಒಳಗೆ ಹೋಗಿ ಬಾಗಿಲು ಹಾಕಿಕೊಂಡು, ಕಣ್ಣು ಮುಚ್ಚಿ ಚೊಂಬು ತುಂಬ ತಲೆಯ ಮೇಲೆ ಹುಯ್ದುಕೊಂಡೆ. ಮಾಗಿಯ ತಣ್ಣೀರು ನೆತ್ತಿಯಿಂದ ಬೆನ್ನಿಗಿಳಿಯಿತು. ಹೊರಗೆ ಮಕ್ಕಳು ರೇಡಿಯೋ ನಿಂತುಹೋಯಿತೆಂದು, ಕರೆಂಟು ಹೋಗಿ ಆಗಲೇ ಇಷ್ಟು ಹೊತ್ತಾಯಿತೆಂದು ಸರೋಜಳಿಗೆ ಹೇಳುತ್ತಿದ್ದರು. ಆರಿದ ದೀಪ ಕಂಡರೆ ಅದನ್ನೂ ಕೆಂಪು ಎಂದೇ ತಿಳಿಯಬೇಕು ಎಂದು ಅಪ್ಪ ಹೇಳಿದ್ದರು. ಆಗ ನಾನು ನಕ್ಕಿದ್ದೆ. ಬಾಗಿಲು ತೆಗೆದು ಹೊರಗೆ ಬಂದುಬಿಡಬಹುದಿತ್ತು. ಆದರೆ ಹಸಿರು ತೋರಿಸಿದ ಮೇಲೆ ಗಾಡಿ ಹಿಂದಕ್ಕೆ ಬರುವ ಹಾಗಿಲ್ಲ, ಅದೂ ಅವರದೇ ರೂಲು. ಇನ್ನೊಂದು ಚೊಂಬು ಮೊಗೆದುಕೊಂಡೆ.